ಮನೆ ಮಾರುವ ಮುಂಚೆ ಮುಗಿಸಬೇಕಾದ ಮಾತು

ಮನೆ ಮಾರಬೇಕು ಅಂದ ಕೂಡಲೇ ದಲ್ಲಾಳಿ ಮರಿಸಿದ್ದಪ್ಪ ಸುಣ್ಣ ಯಾವಾಗ ಬಳಿಸಿದ್ದು ಅಂತ ಕೇಳಲಿಲ್ಲ, ಮಾಡು ಸೋರುತ್ತಾ ಅಂತಲೂ ಕೇಳಲಿಲ್ಲ. "ಅರೆಮಾತು ಎಷ್ಟಿವೆ ಗಿರಿಜಕ್ಕ?" ಅಂತ ಕೇಳಿದ. ನಾನು ನಮ್ಮ ಮನೆಯವರ ಮುಖ ನೋಡಿದೆ. ಅವರು ಜಂತೆ ನೋಡಿದರು. ಆವಾಗಲೇ ನನಗೆ ತಲೆನೋವು ಶುರುವಾಯಿತು.

ನಮ್ಮೂರಲ್ಲಿ ಅರ್ಧಕ್ಕೆ ಬಿಟ್ಟ ಮಾತು ಬಿದ್ದ ಜಾಗದಲ್ಲೇ ಇರುತ್ತೆ. ಆ ಜಾಗದ ಮೇಲೆ ಯಾರು ಕಾಲಿಟ್ಟರೂ ಅವರ ಬಾಯಿಂದ ಅಷ್ಟು ಮಾತು ಬಂದು, ಎಲ್ಲಿ ನಿಂತಿತ್ತೋ ಅಲ್ಲಿಗೇ ನಿಲ್ಲುತ್ತೆ. ಮುಂದಿನ ಮಾತು ಇಂಥದ್ದೇ ಅಂತ ಯಾರಾದರೂ ಸರಿಯಾಗಿ ಹೇಳಿ ಮುಗಿಸಿದರೆ ಮುಗಿಯಿತು, ಆಮೇಲೆ ಅದು ಬರೀ ನೆಲ. ತಪ್ಪು ಹೇಳಿದರೆ ಹಾಗೇ ಉಳಿಯುತ್ತೆ. ಮನೆಯವರಿಗೆ ಎಲ್ಲೆಲ್ಲಿದೆ ಅಂತ ಗೊತ್ತಿರೋದರಿಂದ ದಾಟಿಕೊಂಡು ಓಡಾಡುತ್ತಾರೆ. ನೆಂಟರು ಬಂದರೆ ಜಗಲಿಯಲ್ಲೇ ಕೂರುತ್ತಾರೆ, ಅದು ಮರ್ಯಾದೆ. ಮನೆ ಕೊಳ್ಳುವವರು ಮಾತ್ರ ಬರಿಗಾಲಲ್ಲಿ ಬಂದು ಮೂಲೆಮೂಲೆಯನ್ನೂ ಮೆಟ್ಟಿ ನೋಡುತ್ತಾರೆ. ಕೆಳಗಿನ ಬೀದಿಯ ಪುಟ್ಟೇಗೌಡರ ಮನೆ ಮಾರಾಟಕ್ಕೆ ಬಂದಾಗ, ಸತ್ತುಹೋದ ಅವರ ಅಜ್ಜಿಯದೊಂದು "ಆ ಚಿನ್ನದಂಥ" ಅನ್ನೋ ಮಾತು ಒರಳಿನ ಪಕ್ಕ ಉಳಿದಿತ್ತು. ಬಳೆ, ಬುಗುಡಿ, ಡಾಬು, ಮೂಗುತಿ ಅಂತ ಬಂಧು ಬಳಗವೆಲ್ಲ ಹನ್ನೊಂದು ದಿನ ಸಾಲಾಗಿ ನಿಂತು ಹೇಳಿದರು, ಕೂಡಲಿಲ್ಲ. ಕೊನೆಗೆ ಸೊಸೆಯೇ ಸೆರಗು ಸಿಕ್ಕಿಸಿಕೊಂಡು ಬಂದು, "ಆ ಚಿನ್ನದಂಥ ಹುಡುಗೀನ ಬಿಟ್ಟು ಇವಳನ್ನ ತಂದ್ರಲ್ಲೋ" ಅಂತ ಒಂದೇ ಏಟಿಗೆ ಮುಗಿಸಿದಳು. ಮನೆ ಆವತ್ತೇ ಮಾರಾಟವಾಯಿತು.

ನಮ್ಮದು ಗುಡ್ಡದ ಮೇಲಿನ ಮನೆ, ಬೀದಿಯಿಂದ ತೊಂಬತ್ತನಾಲ್ಕು ಮೆಟ್ಟಿಲು. ಹೋದ ದೀಪಾವಳಿಯಲ್ಲಿ ತರಕಾರಿ ಚೀಲದ ಸಮೇತ ನಡುಮಧ್ಯದಲ್ಲಿ ಜಾರಿ ಬಿದ್ದೆ. ಬಲಮಂಡಿ ಹೋಯಿತು. ಇನ್ನೊಂದು ವರ್ಷ ಹೀಗೇ ಹತ್ತಿ ಇಳಿದರೆ ಹಾಸಿಗೆಯೇ ಗತಿ ಅಂತ ಡಾಕ್ಟರು ಮುಖಕ್ಕೆ ಹೊಡೆದ ಹಾಗೆ ಹೇಳಿದರು. ಈಗ ನಾನು ಕೆಳಗಿಳಿಯಬೇಕಾದರೆ ಚಿಕ್ಕ ಮಕ್ಕಳ ಹಾಗೆ ಒಂದೊಂದು ಮೆಟ್ಟಿಲಿಗೂ ಕೂತು ಕೂತು ಇಳಿಯಬೇಕು, ಬೀದಿಯವರೆಲ್ಲ ನೋಡುತ್ತಿರುತ್ತಾರೆ. ಕೆಳಗೆ ಎಣ್ಣೆ ಗಾಣದ ಪಕ್ಕ ಸಮನೆಲದ ಮನೆಯೊಂದು ಸಿಕ್ಕಿದೆ. ಅದರ ಯಜಮಾನಿ ಸೋಮವಾರದವರೆಗೆ ಕಾಯ್ತೀನಿ, ಆಮೇಲೆ ಬೇರೆಯವರಿಗೆ ಕೊಡ್ತೀನಿ ಅಂದಿದ್ದಾಳೆ. ಇದನ್ನು ಮಾರದೆ ಅದನ್ನು ಕೊಳ್ಳೋ ಹಾಗಿಲ್ಲ. ಇಷ್ಟೇ ವಿಷಯ. ಇಷ್ಟು ಸುಲಭದ ವಿಷಯಕ್ಕೆ ನನ್ನ ಪ್ರಾಣ ಹೋಗೋದೊಂದು ಬಾಕಿ ಇತ್ತು.

ಯಾಕೆ ಅಂದರೆ ನಮ್ಮ ಮನೆಯವರು. ಹೆಸರು ಶಾಂತವೀರಪ್ಪ, ದನದ ಆಸ್ಪತ್ರೆಯಲ್ಲಿ ಕಾಂಪೌಂಡರು. ಅಲ್ಲಿ ಎಮ್ಮೆ ಹೋರಿಗಳ ಹತ್ತಿರ ಬಹಳ ಸೊಗಸಾಗಿ, ಪೂರ್ತಿಯಾಗಿ ಮಾತಾಡುತ್ತಾರಂತೆ, ಕಂಡವರು ಹೇಳುತ್ತಾರೆ. ಮನೆಗೆ ಬಂದರೆ ಮಾತು ಶುರು ಮಾಡಿ, ನಡುವೆ ಒಂದು ಸಲ ನನ್ನ ಮುಖ ನೋಡಿ, "ಹೋಗಲಿ ಬಿಡು" ಅಂತ ಎದ್ದುಹೋಗುತ್ತಾರೆ. ಮದುವೆಯಾಗಿ ಇಪ್ಪತ್ತಾರು ವರ್ಷ. ಮನೆಯಲ್ಲಿ ಮೊದಲಿಂದಲೂ ನಾವಿಬ್ಬರೇ. ಇಪ್ಪತ್ತಾರು ವರ್ಷದ "ಹೋಗಲಿ ಬಿಡು" ಎಲ್ಲಿಗೂ ಹೋಗಿಲ್ಲ, ಮನೆ ತುಂಬ ಬಿದ್ದಿದೆ. ನನ್ನದು ಒಂದೂ ಇಲ್ಲ ಅಂತ ಮರಿಸಿದ್ದಪ್ಪನಿಗೆ ಎದೆ ತಟ್ಟಿ ಹೇಳಿದೆ. ನಾನು ಮಾತನ್ನು ಅರ್ಧಕ್ಕೆ ಬಿಟ್ಟವಳಲ್ಲ, ಬೇಕಾದರೆ ಒಂದೂವರೆ ಆಡೇನು.

ಮೊದಲ ಸಲ ಮನೆ ನೋಡೋಕೆ ಬಂದವರು ಪಂಚಾಕ್ಷರಿ ಮೇಷ್ಟ್ರು, ಅವರ ಹೆಂಡತಿ ಸುಲೋಚನಾ. ಮನೆ ಚೆನ್ನಾಗಿ ಕಂಡರೆ ಸಾಕು, ಒಂದೆರಡು ಅರೆಮಾತಿಗೆ ಯಾರೂ ಬೇಡ ಅನ್ನೋಲ್ಲ ಅಂತ ನಾನು ಎಣಿಸಿದ್ದೆ. ಗೋಡೆಗೆ ಸುಣ್ಣ ಹೊಡೆಸಿದೆ. ಹಳೇ ಕ್ಯಾಲೆಂಡರುಗಳನ್ನೆಲ್ಲ ಕಿತ್ತೆ. ಕೆಂಪು ನೆಲಕ್ಕೆ ಕೊಬ್ಬರಿ ಎಣ್ಣೆ ಹಾಕಿ ತಿಕ್ಕಿ, ಮುಖ ಕಾಣೋ ಹಾಗೆ ಮಾಡಿದೆ. ತೀರಾ ಕೆಟ್ಟ ಜಾಗಗಳ ಮೇಲೆ ತುಳಸಿ ಕುಂಡ, ರಾಗಿ ಮೂಟೆ, ಹೊಲಿಗೆ ಮೆಷೀನು ಇಡೋಣ ಅಂದರೆ ಮರಿಸಿದ್ದಪ್ಪ ಕೈಮುಗಿದ. ನಡುಮನೆಯಲ್ಲಿ ರಾಗಿ ಮೂಟೆ ಕಂಡರೆ ಎಂಥ ಪೆದ್ದನೂ ಮೊದಲು ಅದನ್ನೇ ಎತ್ತಿ ನೋಡ್ತಾನೆ ಅಕ್ಕ, ಅಂದ. ಸರಿ, ಬರಿದು ಬಿಟ್ಟೆವು.

ಮೇಷ್ಟ್ರು ಹೊಸ್ತಿಲು ದಾಟಿ ಮೂರನೇ ಹೆಜ್ಜೆಗೇ ಹೆಂಡತಿ ಕಡೆ ತಿರುಗಿ, "ನಿಮ್ಮಣ್ಣ ಬಂದಿದ್ದಾಗ ನಾನು" ಅಂದು ನಿಂತರು. ಅಡುಗೆಮನೆ ಬಾಗಿಲಲ್ಲಿ, "ಸಾರು ಚೆನ್ನಾಗಿದೆ, ಆದರೆ" ಅಂದರು. ದೇವರ ಗೂಡಿನ ಮುಂದೆ, "ನಿನಗೆ ಹೇಳಿದರೆ ಎಲ್ಲಿ ಬೇಜಾರಾಗುತ್ತೋ ಅಂತ" ಅಂದರು. ಅದು ಯಾರ ಮಾತು ಅಂತ ಆಕೆಗೂ ಗೊತ್ತು. ಗೊತ್ತಿದ್ದರೇನು, ಬರುತ್ತಿರೋದು ಗಂಡನ ಬಾಯಿಂದ, ಗಂಡನ ದನಿಯಲ್ಲಿ. ಒಂಬತ್ತನೇ ಮಾತಿಗೆ ಆಕೆಯ ಕಣ್ಣು ತುಂಬಿಬಂತು, ಜಗಲಿಗೆ ಹೋಗಿ ಕೂತುಬಿಟ್ಟಳು. ನಡುಮನೆಯವರೆಗೂ ಅವರು ಬರಲೇ ಇಲ್ಲ. ಮೇಷ್ಟ್ರು ಒಳ್ಳೆಯ ಮನುಷ್ಯ. ಮನೆಗೆ ಗಾಳಿ ಬೆಳಕು ಚೆನ್ನಾಗಿದೆ, ಚೊಕ್ಕ ಮಾಡಿಡಿ, ಭಾನುವಾರ ನಾಲ್ಕು ಗಂಟೆಗೆ ಇನ್ನೊಂದು ಸಲ ಬರ್ತೀವಿ ಅಂದರು. ಆವತ್ತಿಗೂ ಹೀಗೇ ಇದ್ದರೆ ಬೇರೆ ನೋಡ್ತೀವಿ ಅಂತಲೂ ಹೇಳಿದರು.

ಆ ಒಂದು ವಾರ ನಾನು ಪಟ್ಟ ಪಾಡು ನನ್ನ ವೈರಿಗೂ ಬೇಡ. ಸೀಮೆಸುಣ್ಣ ಹಿಡಿದು ಕುಂಟಿಕೊಂಡು ಮನೆಯೆಲ್ಲ ಮೆಟ್ಟಿ, ಒಂದೊಂದಕ್ಕೂ ದುಂಡಗೆ ಗೆರೆ ಎಳೆದೆ. ನಲವತ್ತೊಂದು. ನಮ್ಮ ಮನೆಯವರನ್ನು ರಜೆ ಹಾಕಿಸಿ ಒಂದೊಂದರ ಮೇಲೂ ನಿಲ್ಲಿಸಿ, ಮುಗಿಸಿ ಅಂದೆ. ಅವರಿಗೆ ನೆನಪಿದ್ದರೆ ತಾನೆ? ಸಾರಿನ ಮಾತಿಗೇ ಒಂದು ಬೆಳಗ್ಗೆ ಹೋಯಿತು. ಆದರೆ ಉಪ್ಪು ಕಡಿಮೆ, ಆದರೆ ಹುಳಿ ಮುಂದು, ಆದರೆ ಬೇಳೆ ಬೆಂದಿಲ್ಲ ಅಂತ ಅವರು ಹೇಳುತ್ತಾ ಹೋದ ಹಾಗೆ ನನಗೆ ಒಳಗಿಂದ ಉರಿ ಏರುತ್ತಿತ್ತು. ಇಷ್ಟೆಲ್ಲ ತಪ್ಪು ಇವರ ತಲೆಯಲ್ಲಿತ್ತೇ ಅಂತ. ಕೊನೆಗೆ ಕೂಡಿದ್ದು ಯಾವುದು ಗೊತ್ತೇ? "ಆದರೆ ನಿನ್ನೇದು ಇನ್ನೂ ಚೆನ್ನಾಗಿತ್ತು." ಅಷ್ಟು ಹೇಳೋಕೆ ಏನಾಗಿತ್ತು ಈ ಮಹಾರಾಯರಿಗೆ? ಇಪ್ಪತ್ತಾರು ವರ್ಷಕ್ಕೆ ಸಾರಿನ ಬಗ್ಗೆ ಒಂದು ಒಳ್ಳೆಯ ಮಾತು, ಅದನ್ನೂ ನಾನು ದಾಟಿಕೊಂಡು ಓಡಾಡಿದ್ದೇನೆ.

ಉಳಿದವೂ ಅಷ್ಟೇ. ನಿಮ್ಮಣ್ಣ ಬಂದಿದ್ದಾಗ ನಾನು ಹಿತ್ತಲಲ್ಲಿ ಅಡಗಿ ಕೂತಿದ್ದೆ. ಗಿರಿಜಾ, ನಿನ್ನ ಸೆರಗು ಬಾಗಿಲಿಗೆ ಸಿಕ್ಕಿಕೊಂಡಿದೆ. ನಿನಗೆ ಹೇಳಿದರೆ ಎಲ್ಲಿ ಬೇಜಾರಾಗುತ್ತೋ ಅಂತ ನೀನು ಹಾಲು ಹಾಕುತ್ತಿದ್ದ ಬೆಕ್ಕು ಸತ್ತದ್ದನ್ನು ಹೇಳಲಿಲ್ಲ. ಓಡಿಹೋಗಿರಬೇಕು ಅಂತ ನಾನು ಎರಡು ತಿಂಗಳು ಆ ಬೆಕ್ಕಿಗೆ ಹಾಲು ಇಟ್ಟಿದ್ದೆ. ಎಲ್ಲಾದರೂ ಜಗಳವಾಡುವಂಥ ಮಾತು ಸಿಕ್ಕೀತು ಅಂತ ಕಾದೆ, ಒಂದೂ ಸಿಗಲಿಲ್ಲ. ಅದಕ್ಕೇ ಇನ್ನೂ ರೇಗಿತು. ಜಗಳವಾಡುವವರ ಜೊತೆ ಬಾಳುವೆ ಮಾಡಬಹುದು, ಹೀಗೆ ಒಳಗೊಳಗೇ ಒಳ್ಳೆಯವರಾಗಿ ಇರೋರ ಜೊತೆ ಏನು ಮಾಡೋದು ಹೇಳಿ.

ಭಾನುವಾರ ಮಧ್ಯಾಹ್ನದ ಹೊತ್ತಿಗೆ ನಲವತ್ತೊಂದೂ ಮುಗಿದವು. ಮರಿಸಿದ್ದಪ್ಪ ಬಂದು ಮೆಟ್ಟಿ ಮೆಟ್ಟಿ ನೋಡಿದ, ಅವನ ಬಾಯಿಂದ ಒಂದು ಸೊಲ್ಲೂ ಹೊರಡಲಿಲ್ಲ. ಸೀಮೆಸುಣ್ಣ ಒರೆಸಿಬಿಡಿ ಅಕ್ಕ, ಆ ಕುರ್ಚಿಯೊಂದನ್ನ ಗೋಡೆಗೆ ಸರಿಸಿಬಿಡಿ, ನಾನು ಹೋಗಿ ಅವರನ್ನ ಕರ್ಕೊಂಡು ಬರ್ತೀನಿ ಅಂತ ಹೇಳಿ ಇಳಿದುಹೋದ. ಕುರ್ಚಿ ಅಂದರೆ ನಡುಮನೆಯಲ್ಲಿ ನಮ್ಮ ಮನೆಯವರು ಪೇಪರು ಓದುವ ಬೆತ್ತದ ಕುರ್ಚಿ. ಕಿಟಕಿ ಒಂದು ಕಡೆ ಇದ್ದರೆ ಕುರ್ಚಿ ಇನ್ನೊಂದು ಕಡೆ, ದಾರಿಗೆ ಅಡ್ಡ. ಬೆಳಕಿಗೆ ಹಾಕಿಕೊಳ್ಳಿ ಅಂತ ಹೇಳಿ ಹೇಳಿ ನನ್ನ ಗಂಟಲು ಒಣಗಿತ್ತು. ಅಲ್ಲಿ ಗುಡಿಸೋಕೂ ಬಿಡುತ್ತಿರಲಿಲ್ಲ, ನಾನೇ ಗುಡಿಸ್ಕೋತೀನಿ ಅನ್ನೋರು. ಕಾಲು ಮೇಲೆತ್ತಿ ಚಕ್ಕಳಮಕ್ಕಳ ಹಾಕಿಕೊಂಡು ಕೂರುತ್ತಿದ್ದರು. ಅದರ ಕೆಳಗೆ ನೋಡಬೇಕು ಅಂತ ನನಗೆ ಹೊಳೆದೇ ಇರಲಿಲ್ಲ.

ಅದು ಅಲ್ಲೇ ಇರಲಿ ಅಂದರು ನಮ್ಮ ಮನೆಯವರು. ಯಾಕೆ ಅಂದೆ. ಮೇಷ್ಟ್ರಿಗೆ ಕೂರೋಕೆ ಬೇಕಾಗುತ್ತೆ ಅಂದರು. ನನ್ನ ತಾಳ್ಮೆ ಅಷ್ಟು ಹೊತ್ತಿಗೆ ತಳ ಕಂಡಿತ್ತು. ಕುರ್ಚಿಯ ಕೈ ಹಿಡಿದು ದರದರ ಎಳೆದು, ಅದಿದ್ದ ಜಾಗದಲ್ಲಿ ಹೋಗಿ ನಿಂತೆ. ನನ್ನ ಬಾಯಿ ತಾನಾಗಿ ತೆರೆದುಕೊಂಡಿತು.

"ನಾನು ನಿಮ್ಮನ್ನ ಮದುವೆಯಾದದ್ದೇ"

ಅಷ್ಟೇ. ಅದು ಅವರ ಮಾತಲ್ಲ, ನನ್ನದು. ದನಿಯಲ್ಲಿದ್ದ ಆ ಸಿಟ್ಟೂ ನನ್ನದೇ, ಎಳೆ ವಯಸ್ಸಿನದು. ಕಾಲು ಎತ್ತಿ ಪಕ್ಕಕ್ಕೆ ಇಟ್ಟೆ. ಎದೆ ತಟ್ಟಿ ಹೇಳಿದ್ದೆನಲ್ಲ, ನನ್ನದು ಒಂದೂ ಇಲ್ಲ ಅಂತ. ಗಂಡಸಿನ ಮುಂದೆ ಸೋಲೊಪ್ಪುವುದು ನನಗೆ ಬರೋಲ್ಲ. ಇದೇನು ಮಹಾ ಅಂತ ಮತ್ತೆ ಅದರ ಮೇಲೆ ನಿಂತು, ಮಾತು ಬಂದ ಕೂಡಲೇ "ನನ್ನ ಪುಣ್ಯ" ಅಂತ ಸೇರಿಸಿದೆ. ಪಕ್ಕಕ್ಕೆ ಸರಿದು ಮತ್ತೆ ಮೆಟ್ಟಿದೆ. "ನಾನು ನಿಮ್ಮನ್ನ ಮದುವೆಯಾದದ್ದೇ" ಅಂತ ಮತ್ತೆ ಬಂತು, ಇನ್ನೂ ಅಷ್ಟೇ ಸಿಟ್ಟಿನಿಂದ.

ನಮ್ಮ ಮನೆಯವರು ಬಾಗಿಲಿಗೆ ಒರಗಿ ನಿಂತಿದ್ದರು. "ಅದು ಕೂಡಲ್ಲ ಗಿರಿಜಾ. ನಾನೂ ಅದನ್ನ ಹಾಕಿ ನೋಡಿದೀನಿ" ಅಂದರು.

ಯಾವಾಗ ಅಂತ ಕೇಳಿದೆ. ನೀನು ಸಂತೆಗೆ ಹೋದಾಗ, ತವರಿಗೆ ಹೋದಾಗ ಅಂದರು. ಎಷ್ಟು ದಿನದಿಂದ ಅಂದೆ. ಇಪ್ಪತ್ತೆರಡು ವರ್ಷದಿಂದ ಅಂದರು. ಅಂದರೆ ಈ ಮನುಷ್ಯ ಮನೆಯಲ್ಲಿ ನಾನಿಲ್ಲದ ಹೊತ್ತಿನಲ್ಲಿ ಕುರ್ಚಿ ಸರಿಸಿ, ಅಲ್ಲಿ ನಿಂತು, ನಾನು ಬೈದ ಮಾತನ್ನು ತನ್ನ ಬಾಯಲ್ಲೇ ಆಡಿಕೊಂಡು, ಅದಕ್ಕೆ ಒಂದೊಂದಾಗಿ ಒಳ್ಳೆಯ ಕೊನೆಗಳನ್ನು ಹೊಂದಿಸಿ ನೋಡಿದ್ದಾರೆ. ನನ್ನ ಅದೃಷ್ಟ ಅಂತ. ದೇವರ ಇಚ್ಛೆ ಅಂತ. ಮನಸ್ಸು ಒಪ್ಪಿ ಅಂತ. ಕೂಡದೆ ಹೋದಾಗ ಮತ್ತೆ ಕುರ್ಚಿ ಎಳೆದು ಮುಚ್ಚಿ, ಪೇಪರು ಹಿಡಿದು ಕೂತಿದ್ದಾರೆ. ನಾನು ವಾಪಸು ಬಂದು, ಕತ್ತಲಲ್ಲಿ ಯಾಕೆ ಓದ್ತೀರಿ ಅಂತ ರೇಗಿದ್ದೇನೆ.

"ಒಂದನ್ನ ಬಿಟ್ಟು ಮಿಕ್ಕಿದ್ದೆಲ್ಲ ಹಾಕಿ ನೋಡಿದೀನಿ" ಅಂದರು.

ಆ ಒಂದು ಯಾವುದು ಅಂತ ನಾನು ಕೇಳಲಿಲ್ಲ. ಕೇಳುವುದೇನು, ಕಾಲಿಟ್ಟ ಗಳಿಗೆಯಿಂದ ನನ್ನ ನಾಲಗೆಯ ತುದಿಯಲ್ಲೂ ಅದೇ ಇತ್ತು. ಹಾಗೆ ಸಿಟ್ಟಿನಿಂದ ಶುರುವಾದ ಮಾತಿಗೆ ಬೇರೆ ಇನ್ನೇನು ಕೊನೆ ಇರೋಕೆ ಸಾಧ್ಯ? ಗಂಟೆ ಎರಡೂವರೆ. ಮಾತು ಮುಗಿಸಿದರೆ ಮನೆ ಮಾರಬಹುದು, ಮಂಡಿ ಉಳಿಯುತ್ತೆ. ಆದರೆ ಅದನ್ನು ಇವರ ಮುಖ ನೋಡಿಕೊಂಡು ಹೇಳಬೇಕು, ನೆಲ ಹೌದು ಅನ್ನಬೇಕು. ಬೇಡ ರೀ, ಮನೆ ಮಾರೋದೇ ಬೇಡ, ಕೂತುಕೊಂಡೇ ಇಳಿಯೋಕೆ ನನಗೆ ಅಭ್ಯಾಸವಾಗಿದೆ ಅಂದೆ. ನನ್ನ ದನಿ ನನಗೇ ಬೇರೆ ಥರ ಕೇಳಿಸಿತು. ಹೆದರಿಕೆಯಾಗಿತ್ತು, ನಿಜ ಹೇಳಬೇಕೂಂದರೆ. ಜೀವಮಾನದಲ್ಲಿ ಇವರ ಎದುರು ಮಾತಾಡೋಕೆ ನಾನು ಹೆದರಿದ್ದು ಅದೇ ಮೊದಲು.

ಅವರು ನನ್ನ ಮಾತು ಕೇಳಿಸಿಕೊಳ್ಳಲಿಲ್ಲ. ಬಂದು ಆ ಜಾಗದಲ್ಲಿ ನಿಂತರು. "ನಾನು ನಿಮ್ಮನ್ನ ಮದುವೆಯಾದದ್ದೇ" ಅಂತ ನನ್ನ ಸಿಟ್ಟು ಅವರ ಬಾಯಿಂದ ಬಂತು. ಒಂದು ಉಸಿರು ತಗೊಂಡು, ದನಗಳ ಹತ್ತಿರ ಮಾತಾಡುವ ದನಿ ಇದೇ ಇರಬೇಕು, ಅಷ್ಟು ಮೆತ್ತಗೆ, "ತಪ್ಪು" ಅಂದರು.

ನಾನು ಕಣ್ಣು ಮುಚ್ಚಿಕೊಂಡೆ. ಅವರು ಪಕ್ಕಕ್ಕೆ ಸರಿದು ಮತ್ತೆ ಮೆಟ್ಟಿದ್ದು ಕೇಳಿಸಿತು. "ನಾನು ನಿಮ್ಮನ್ನ ಮದುವೆಯಾದದ್ದೇ" ಅಂತ ಮತ್ತೆ ಬಂತು.

ಕಣ್ಣು ಬಿಟ್ಟೆ. ಇಬ್ಬರೂ ನೆಲ ನೋಡಿದೆವು. ಸರಿಯಾಗಿ ಹೇಳಿದಿರಾ ಅಂತ ಕೇಳಿದೆ. ಹೇಳಿದೆನಲ್ಲ ಅಂದರು. ನಿಮಗೆ ಒಂದು ಮಾತನ್ನಾದರೂ ನೆಟ್ಟಗೆ ಆಡೋಕೆ ಬರುತ್ತಾ ಅಂತ ಅವರನ್ನು ಪಕ್ಕಕ್ಕೆ ತಳ್ಳಿ ನಾನೇ ನಿಂತೆ. ಯಾವ ಮಾತಿಗೆ ಐದು ನಿಮಿಷದ ಹಿಂದೆ ನಡುಗಿದ್ದೆನೋ ಅದನ್ನು ತಪ್ಪು ಅಂತ ಒಂದು ಸಲ, ದೊಡ್ಡ ತಪ್ಪು ಅಂತ ಒಂದು ಸಲ, ನನ್ನ ಜೀವನದ ತಪ್ಪು ಅಂತ ಮತ್ತೊಂದು ಸಲ, ಬೀದಿಗೆ ಕೇಳೋ ಹಾಗೆ ಕೂಗಿದೆ. ಯಾವುದೂ ಕೂಡಲಿಲ್ಲ. ಮಂಡಿ ನೋಯುತ್ತಿತ್ತು. ನಾಲ್ಕು ಗಂಟೆಗೆ ಮೇಷ್ಟ್ರು ಬರುತ್ತಾರೆ. ಅಳು, ಸಿಟ್ಟು, ನಗು ಎಲ್ಲ ಒಟ್ಟಿಗೇ ಬಂದು, ಆ ಕುರ್ಚಿಯ ಮೇಲೆ ಧೊಪ್ಪನೆ ಕೂತೆ. ಹಾಳಾಗಿ ಹೋಗಲಿ, ನಾನು ಇದನ್ನ ಅಂದದ್ದಾದರೂ ಯಾವತ್ತು ಅಂತ ಕೇಳಿದೆ.

ಆಗ ನಮ್ಮ ಮನೆಯವರು ಹೇಳಿದರು, ಒಂದು ಕಡೆಯೂ ನಿಲ್ಲಿಸದೆ. ನಿಮ್ಮಪ್ಪನಿಗೆ ಅರವತ್ತು ತುಂಬಿದ ಶಾಂತಿಯ ದಿನ. ನೀನು ಬದನೇಕಾಯಿ ಬಣ್ಣದ ಸೀರೆ ಉಟ್ಟಿದ್ದೆ. ಕೈಯಲ್ಲಿ ರವೆಉಂಡೆ ಡಬ್ಬ ಇತ್ತು. ನಿಮ್ಮಪ್ಪ ಮದುವೆಯಾದಾಗಿನಿಂದ ನನ್ನನ್ನ ಮಾತಾಡಿಸಿರಲಿಲ್ಲ, ಅದಕ್ಕೇ ನಾನು ಬರೋಲ್ಲ ಅಂದೆ. ನೀನು ಬನ್ನಿ ಅಂತ ನಾಲ್ಕು ಸಲ ಕರೆದೆ, ಐದನೇ ಸಲ ಇದನ್ನ ಅಂದೆ. ಅಷ್ಟರಲ್ಲಿ ಗಾಡಿ ಕಾಯ್ತಿದೆ ಅಂತ ನಿಮ್ಮಣ್ಣ ಕೆಳಗಿನಿಂದ ಕೂಗಿದ. ನೀನು ಮಾತನ್ನ ಅಲ್ಲೇ ಬಿಟ್ಟು ಹೊರಟುಹೋದೆ. ನೀನು ಬರೋ ಹೊತ್ತಿಗೆ ನಿನ್ನ ಕಾಲಿಗೆ ಅದು ಸಿಗೋದು ಬೇಡ ಅಂತ ನಾನು ಕುರ್ಚಿ ಹಾಕಿದೆ.

ಅವರು ಹೇಳುತ್ತಿದ್ದ ಹಾಗೆ ಆ ಡಬ್ಬದ ಭಾರ ಕೈಗೆ ಬಂದ ಹಾಗಾಯಿತು. ಎದ್ದು ಹೋಗಿ ಆ ಜಾಗದಲ್ಲಿ ನಿಂತೆ. ಈ ಸಲ ಯೋಚಿಸಲಿಲ್ಲ.

"ನಾನು ನಿಮ್ಮನ್ನ ಮದುವೆಯಾದದ್ದೇ ಅಪ್ಪನ ಎದುರು ಮೂರು ದಿನ ಉಪವಾಸ ಕೂತು. ನನಗೋಸ್ಕರ ನೀವು ಒಂದು ದಿನ ಅಲ್ಲಿ ಬಂದು ಕೂರೋಕಾಗಲ್ವಾ?"

ಪಕ್ಕಕ್ಕೆ ಸರಿದೆ. ಮತ್ತೆ ಮೆಟ್ಟಿದೆ. ಏನೂ ಬರಲಿಲ್ಲ. ಅಂಗಾಲಿಗೆ ನೆಲ ತಣ್ಣಗಿತ್ತು. ಅವರು ಬಂದು ನನ್ನ ಪಕ್ಕ ನಿಂತು ತಾವೂ ಮೆಟ್ಟಿ ನೋಡಿದರು, ಒಂದು ಸಲ, ಇನ್ನೊಂದು ಸಲ.

ನನಗೆ ಎಲ್ಲಿಲ್ಲದ ಕೋಪ ಬಂತು. ಇಪ್ಪತ್ತೆರಡು ವರ್ಷ ಅದರ ಮೇಲೆ ಕಾವು ಕೂತಿರಲ್ಲ, ಏನಂತ ಹೊರಟಿದ್ದೆ ಅಂತ ನನ್ನನ್ನ ಒಂದು ಸಲ, ಒಂದೇ ಒಂದು ಸಲ ಕೇಳೋಕೆ ನಿಮಗೇನು ಬಾಯಿ ಇರಲಿಲ್ಲವೇ ಅಂತ ಬಾಯಿಗೆ ಬಂದ ಹಾಗೆ ಬೈದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಕೇಳಿದ್ದಿದ್ರೆ ತಪ್ಪು ಅಂತಾನೇ ಹೇಳ್ತಿದ್ದೆ ನೀನು" ಅಂದರು. "ಈಗ ಇಷ್ಟು ಹೊತ್ತಿನವರೆಗೂ ನಿನಗೂ ಅದೇ ಅನ್ನಿಸಿತ್ತಲ್ಲ."

ಒಂದೂವರೆ ಆಡುವ ನಾನು ಗಡಿಯಾರ ನೋಡಿದೆ. ಸೀಮೆಸುಣ್ಣ ಒರೆಸೋದು ಇನ್ನೂ ಬಾಕಿ ಇತ್ತು. ಅವರು ಬಟ್ಟೆ ಒದ್ದೆ ಮಾಡಿಕೊಂಡು ಬಂದು ಮಂಡಿಯೂರಿ ಒರೆಸಿದರು, ನಾನು ಎಲ್ಲೆಲ್ಲಿದೆ ಅಂತ ತೋರಿಸುತ್ತಾ ಹೋದೆ.

ಮೇಷ್ಟ್ರು, ಸುಲೋಚನಾ ಹೇಳಿದ ಗಂಟೆಗೆ ಸರಿಯಾಗಿ ಬಂದರು. ಬರಿಗಾಲಲ್ಲಿ ಹೊಸ್ತಿಲು, ಅಡುಗೆಮನೆ, ದೇವರ ಗೂಡು ಎಲ್ಲ ಮೆಟ್ಟಿದರು. ಆಕೆ ಪ್ರತಿ ಹೆಜ್ಜೆಗೂ ಗಂಡನ ಬಾಯಿ ನೋಡುತ್ತಿದ್ದಳು. ಅವರ ಬಾಯಿಂದ ಬಂದದ್ದು ಅವರದೇ ಮಾತು, ಕಪಾಟಿನ ಉದ್ದ, ಕಿಟಕಿಯ ಸರಳು ಇಂಥವು. ನಡುಮನೆಗೆ ಬಂದು ಆ ಜಾಗದಲ್ಲೇ ನಿಂತು, ಇಲ್ಲಿ ಮಂಚ ಹಾಕಬಹುದು ಅಂದಳು ಆಕೆ. ಮರಿಸಿದ್ದಪ್ಪ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ. ಮೇಷ್ಟ್ರು ಹಾಗಾದರೆ ನಾಳೆಯೇ ಬರೆಸಿಬಿಡೋಣ ಅಂದರು. ಗಾಣದ ಪಕ್ಕದ ಮನೆ, ಸಮನೆಲ, ನನ್ನ ಮಂಡಿ, ಎಲ್ಲ ಒಂದೇ ಸಲಕ್ಕೆ ನನ್ನ ಕಣ್ಣ ಮುಂದೆ ಬಂತು. ನಾನು ಕಾಫಿಗೆ ನೀರಿಡೋಕೆ ಒಳಗೆ ತಿರುಗಿದೆ.

ಆಗ ಬಾಗಿಲ ಹತ್ತಿರ ನಿಂತಿದ್ದ ನಮ್ಮ ಮನೆಯವರು, ಯಾರನ್ನೂ ನೋಡದೆ, "ಬರಬೇಕಿತ್ತು ನಾನು" ಅಂದರು.

ನಮ್ಮಪ್ಪ ತೀರಿಕೊಂಡು ಒಂಬತ್ತು ವರ್ಷವಾಗಿದೆ. ಸುಲೋಚನಾ ಗಾಬರಿಯಾಗಿ ಅವರ ಕಾಲ ಕೆಳಗೆ ನೋಡಿದಳು. ಮೇಷ್ಟ್ರು ಎತ್ತಿದ ಹೆಜ್ಜೆಯನ್ನು ಹಾಗೇ ಹಿಡಿದು ನಿಂತುಬಿಟ್ಟರು. ಇಷ್ಟೆಲ್ಲ ಮಾಡಿಯೂ ಒಂದು ಉಳಿದುಬಿಟ್ಟಿತಲ್ಲ ಅನ್ನೋ ಹಾಗೆ ಮರಿಸಿದ್ದಪ್ಪ ತಲೆಗೆ ಕೈ ಹಚ್ಚಿಕೊಂಡ. ನಾನು ತಿರುಗಿ ಬಾಗಿಲಿಗೆ ಬಂದೆ.

"ಹೆದರಬೇಡಿ ತಾಯಿ, ಅದು ನೆಲದ್ದಲ್ಲ, ನಮ್ಮೋರದ್ದು" ಅಂದೆ. "ಅಲ್ಲಿಗೇ ಮುಗೀತು ಅದು."